ಬಣ್ಣ ಬದಲಾಯಿಸಿ ತೋರಿಸಿ ಅನ್ನುವವರು

ಮನೆಯಲ್ಲಿ ಗೋಸುಂಬೆ ಸಾಕಿದ್ದಾರೆ ಅಂತ ಗೊತ್ತಾದ ಕೂಡಲೇ ಜನ ಕೇಳುವ ಮೊದಲ ಮಾತು ಒಂದೇ. "ಬಣ್ಣ ಬದಲಾಯಿಸತ್ತಾ? ಎಲ್ಲಿ, ತೋರಿಸಿ ನೋಡೋಣ." ಇದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಸಾಕಿರುವುದು ನಾನಲ್ಲ. ಶಿವಮೊಗ್ಗದ ವಿನೋಬನಗರದಲ್ಲಿ ನನ್ನ ಗೆಳೆಯನ ಮನೆಯಲ್ಲಿ ಒಂದಿದೆ. ಅವನು ಊರಲ್ಲಿ ಇಲ್ಲದಾಗ ಹೋಗಿ ಹುಳು ಹಾಕಿ, ಪಂಜರದ ಗಿಡಗಳಿಗೆ ನೀರು ಚಿಮುಕಿಸಿ ಬರುವ ಕೆಲಸ ನನ್ನದು. ಹಾಗಾಗಿ ಆ ಪ್ರಾಣಿಯನ್ನು ನೋಡುತ್ತಾ ಕೂರುವ ಅವಕಾಶ ನನಗೆ ಜಾಸ್ತಿ ಸಿಕ್ಕಿದೆ. ಅದನ್ನು ನೋಡಲು ಬಂದವರನ್ನು ನೋಡುವ ಅವಕಾಶವೂ ಕಡಿಮೆಯೇನಲ್ಲ.

ನನ್ನನ್ನು ಕಾಡಿದ್ದು ಆ ಕೋರಿಕೆಯೇ. ಕೇಳುವವರು ಕೆಟ್ಟವರಲ್ಲ, ಕುತೂಹಲಕ್ಕೆ ಕೇಳುತ್ತಾರೆ. ಆದರೆ ನೆಮ್ಮದಿಯಾಗಿರುವ ಗೋಸುಂಬೆ ಯಾರಿಗೂ ಏನನ್ನೂ ತೋರಿಸುವುದಿಲ್ಲ. ಎಲೆಗಳ ನಡುವೆ ಹಸಿರಾಗಿ ಕೂತಿರುತ್ತದೆ, ಒಂದು ಕಣ್ಣು ಆ ಕಡೆ, ಒಂದು ಕಣ್ಣು ಈ ಕಡೆ. ಅಷ್ಟೇ. ಅದು ನಿಮ್ಮ ಕಣ್ಣೆದುರು ಸರಸರ ಬಣ್ಣ ಬದಲಾಯಿಸಬೇಕು ಅಂದರೆ ಹೆದರಬೇಕು, ಇಲ್ಲವೇ ಸಿಟ್ಟಾಗಬೇಕು, ಇಲ್ಲವೇ ಇನ್ನೊಂದು ಗೋಸುಂಬೆ ಎದುರಿಗೆ ಬರಬೇಕು. ಡ್ರಾಯಿಂಗ್ ರೂಮಿನಲ್ಲಿ ಇನ್ನೊಂದು ಗೋಸುಂಬೆ ಎಲ್ಲಿಂದ ಬರಬೇಕು? ಉಳಿಯುವುದು ಹೆದರಿಸುವುದೊಂದೇ. ಅಂದರೆ ಅತಿಥಿಗಳು ಮಜಾ ಅಂತ ನೋಡುವುದು ಆ ಪ್ರಾಣಿಯ ಸಂಕಟವನ್ನು. ಈ ವಿಷಯ ಒಮ್ಮೆ ಹೊಳೆದ ಮೇಲೆ ಅಂಥ ಜಾಗದಲ್ಲಿ ಕೂರುವುದೇ ಕಷ್ಟವಾಗುತ್ತದೆ.

ಕೆಂಪು ಬಟ್ಟೆ ಮೇಲೆ ಬಿಟ್ಟರೆ ಕೆಂಪಾಗುತ್ತದೆ, ನೀಲಿ ಮೇಲೆ ಬಿಟ್ಟರೆ ನೀಲಿ ಅನ್ನುವುದು ಎಲ್ಲರೂ ನಂಬಿಕೊಂಡು ಬಂದ ಕತೆ. ಹಾಗೇನೂ ಇಲ್ಲ. ಜಿನೀವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮಡಗಾಸ್ಕರ್‌ನ ಗೋಸುಂಬೆ ಜಾತಿಯಾದ ಪ್ಯಾಂಥರ್ ಕ್ಯಾಮಿಲಿಯನ್‌ನ ಚರ್ಮವನ್ನು ನೋಡಿ 2015ರಲ್ಲಿ ಬರೆದರು. ಅದರ ಚರ್ಮದ ಕೋಶಗಳೊಳಗೆ ಗ್ವಾನಿನ್ ಅನ್ನುವ ವಸ್ತುವಿನ ಬಹಳ ಸಣ್ಣ ಹರಳುಗಳಿವೆ. ಪ್ರಾಣಿ ಆರಾಮಾಗಿದ್ದಾಗ ಈ ಹರಳುಗಳು ಒತ್ತೊತ್ತಾಗಿರುತ್ತವೆ, ಆಗ ನೀಲಿ ಬೆಳಕು ವಾಪಸ್ ಬರುತ್ತದೆ. ಅದಕ್ಕೆ ಚರ್ಮದ ಹಳದಿ ಸೇರಿ ನಮಗೆ ಹಸಿರು ಕಾಣುತ್ತದೆ. ಗಂಡು ಕೆರಳಿದಾಗ ಹರಳುಗಳ ನಡುವೆ ಅಂತರ ಹೆಚ್ಚಾಗುತ್ತದೆ, ಹಳದಿ, ಕಿತ್ತಳೆ, ಕೆಂಪು ಏಳುತ್ತದೆ. ಕಪ್ಪಾಗುವುದು ಬೇರೆ ದಾರಿ. ಮೆಲನಿನ್ ಅನ್ನುವ ಕಪ್ಪು ಬಣ್ಣದ ಕಣಗಳು ಕೋಶದೊಳಗೆ ಹರಡಿಕೊಳ್ಳುತ್ತವೆ. ಇದೆಲ್ಲಕ್ಕೂ ಕೆಳಗೆ ಹಾಸಿದ ಬಟ್ಟೆಗೂ ಏನೂ ಸಂಬಂಧವಿಲ್ಲ. 2008ರಲ್ಲಿ ದಕ್ಷಿಣ ಆಫ್ರಿಕಾದ ಪುಟ್ಟ ಗೋಸುಂಬೆಗಳ ಮೇಲೆ ನಡೆದ ಅಧ್ಯಯನವೂ ಇದೇ ಕಡೆ ಬೆರಳು ತೋರಿಸಿತು. ಜಾಸ್ತಿ ಬಣ್ಣ ಬದಲಾಯಿಸುವ ಜಾತಿಗಳು ಬಗೆಬಗೆಯ ಜಾಗಗಳಲ್ಲಿ ಅಡಗಬೇಕಾದವಲ್ಲ, ತಮ್ಮವರ ಮುಂದೆ ಎದ್ದು ಕಾಣಬೇಕಾದವು. ಬಣ್ಣ ಅವುಗಳ ಮಾತು. ಅಡಗಲೂ ಸ್ವಲ್ಪ ಬಳಕೆಯಾಗುತ್ತದೆ, ಬೆಳಗಿನ ಚಳಿಗೆ ಮೈ ಕಪ್ಪು ಮಾಡಿ ಬಿಸಿಲು ಹೀರಲೂ ಆಗುತ್ತದೆ. ಆದರೆ ಮುಖ್ಯವಾಗಿ ಮಾತು.

ಹಬ್ಬದ ಮನೆ

ಗೆಳೆಯನದ್ದು ವೇಲ್ಡ್ ಕ್ಯಾಮಿಲಿಯನ್. ಮೂಲ ಯೆಮೆನ್ ಮತ್ತು ಸೌದಿ ಅರೇಬಿಯಾ. ತಲೆ ಮೇಲೆ ಎತ್ತರದ ಕಿರೀಟ ಇರುತ್ತದಲ್ಲ, ಅದು. ಬೆಂಗಳೂರಿನಿಂದ ತಂದದ್ದು. ಅವನು ಅದನ್ನು ತಂದ ವರ್ಷ ಗೌರಿ ಹಬ್ಬಕ್ಕೆ ಮನೆ ತುಂಬ ನೆಂಟರು. ಹೊಸನಗರದ ಕಡೆಯಿಂದ ಅವನ ದೊಡ್ಡಮ್ಮ ಬಂದಿದ್ದರು, ಸಾಗರದಿಂದ ಇನ್ನೊಂದು ಸಂಸಾರ, ಮಕ್ಕಳ ಹಿಂಡು. ಆಗ ಪಂಜರ ಹಾಲಿನಲ್ಲೇ ಟಿವಿ ಪಕ್ಕದಲ್ಲಿತ್ತು. ಸೊಂಟದ ಎತ್ತರಕ್ಕೆ, ಎಲ್ಲರಿಗೂ ಚೆನ್ನಾಗಿ ಕಾಣುವ ಹಾಗೆ. ದೊಡ್ಡಮ್ಮ ಕನ್ನಡಕ ಏರಿಸಿ ನೋಡಿ, "ಇದು ನಮ್ಮ ಬೇಲಿ ಮೇಲಿನ ಓತಿಕ್ಯಾತನೇ ಅಲ್ಲನಾ? ಇದಕ್ಕೂ ದುಡ್ಡು ಕೊಟ್ಯಾ?" ಅಂದರು. ಎಷ್ಟು ಕೊಟ್ಟಿದ್ದು ಅನ್ನುವುದನ್ನು ಗೆಳೆಯ ಇವತ್ತಿಗೂ ಅವರಿಗೆ ಹೇಳಿಲ್ಲ.

ಅವರ ಮಾತಿನಲ್ಲೂ ಅರ್ಥ ಇತ್ತು ಅನ್ನಿ. ಹೊಸನಗರ, ತೀರ್ಥಹಳ್ಳಿ, ಆಗುಂಬೆ ಕಡೆ ಮಳೆ ಹೊಯ್ಯುವ ಕಾಡಿನಲ್ಲಿ ಕಣ್ಣಿಗೆ ಬೀಳುವುದು ಓತಿಕ್ಯಾತ, ಅದೃಷ್ಟವಿದ್ದರೆ ಅಡಿಕೆ ಮರದಿಂದ ಮರಕ್ಕೆ ತೇಲುವ ಹಾರುವ ಓತಿ. ನಿಜವಾದ ಗೋಸುಂಬೆ ಇರುವುದು ಮಲೆನಾಡಿನ ಮೂಡಣ ಅಂಚಿನಲ್ಲಿ, ಶಿಕಾರಿಪುರದ ಕಡೆ, ಅಲ್ಲಿಂದಾಚೆ ಬಯಲುಸೀಮೆಯ ಉದ್ದಕ್ಕೂ. ಹಾಗಾಗಿ ಘಟ್ಟದ ಸೆರಗಿನಲ್ಲಿ ಹುಟ್ಟಿ ಬೆಳೆದವರು ಆಯುಷ್ಯ ಪೂರ್ತಿ ಒಂದೂ ಗೋಸುಂಬೆ ನೋಡದೆ, ಓತಿಕ್ಯಾತನನ್ನೇ ಗೋಸುಂಬೆ ಅಂದುಕೊಂಡಿರುವುದು ಬಹಳ ಸಾಮಾನ್ಯ. ಓತಿಕ್ಯಾತದ ಗಂಡಿಗೂ ಬೆದೆ ಕಾಲದಲ್ಲಿ ಕತ್ತು ಕೆಂಪಾಗುತ್ತದೆ. ದೂರದಿಂದಲೇ ರಕ್ತ ಹೀರುತ್ತದೆ ಅಂತ ನಾವು ಹುಡುಗರು ಅದಕ್ಕೆ ಕಲ್ಲು ಹೊಡೆಯುತ್ತಿದ್ದದ್ದು ಆ ಕೆಂಪಿಗೇ.

ಊಟ ಆಯಿತು. ಕೊಟ್ಟೆ ಕಡುಬಿನ ಮೇಲೆ ಎಲ್ಲರಿಗೂ ಸ್ವಲ್ಪ ಜೋಂಪು. ಮಕ್ಕಳು ಬಿಡಲಿಲ್ಲ. ಗೆಳೆಯ ಪಂಜರದ ಬಾಗಿಲು ತೆಗೆದು ಅದನ್ನು ಕೊಂಬೆಯಿಂದ ಬಿಡಿಸಿ ತೆಗೆದ. 'ಬಿಡಿಸಿ' ಅಂತಲೇ ಹೇಳಬೇಕು. ಗೋಸುಂಬೆಯ ಬೆರಳುಗಳು ಎರಡು ಕಟ್ಟಾಗಿ ಕೂಡಿಕೊಂಡಿರುತ್ತವೆ, ಒಂದು ಕಡೆ ಮೂರು, ಇನ್ನೊಂದು ಕಡೆ ಎರಡು. ಹಿಡಿದರೆ ಇಕ್ಕಳವೇ. ಬಾಲವೂ ಕೊಂಬೆಗೆ ಸುತ್ತಿತ್ತು. ಒಂದು ಕಾಲು ಬಿಡಿಸಿದರೆ ಇನ್ನೊಂದು ಹಿಡಿಯಿತು. ಕೊನೆಗೂ ಬಂತು. ಬಂದದ್ದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ, ಅಲ್ಲಿಂದ ಒಂದು ಕೆಂಪು ಟವೆಲ್ ಮೇಲೆ, ಅಲ್ಲಿಂದ ಯಾರದೋ ರೇಷ್ಮೆ ಸೀರೆಯ ನೀಲಿ ಸೆರಗಿನ ಮೇಲೆ. "ಆಗ್ಲಿಲ್ಲ, ನೀಲಿ ಆಗ್ಲಿಲ್ಲ." ಆಗಿದ್ದು ಬೇರೆ. ಮೊದಲು ಮೈ ಪಕ್ಕದಿಂದ ಚಪ್ಪಟೆಯಾಯಿತು, ಎಲೆಯಷ್ಟು ತೆಳ್ಳಗೆ, ಪಕ್ಕದಿಂದ ನೋಡಿದವರಿಗೆ ದೊಡ್ಡದಾಗಿ ಕಾಣುವ ಹಾಗೆ. ಗಂಟಲು ಉಬ್ಬಿತು. ಬಾಯಿ ತೆರೆದು ಹಿಸ್ ಅಂದಿತು. ಮಕ್ಕಳು ಕಿರುಚಿ ನಕ್ಕರು. ಹಸಿರಿನ ಮೇಲೆ ಹಳದಿ ಚುಕ್ಕೆ ಎದ್ದವು, ಪಟ್ಟೆಗಳು ಗಾಢವಾದವು. ಎಲ್ಲರಿಗೂ ಖುಷಿ, ಬಣ್ಣ ಬಂತು ಬಂತು ಅಂತ. ಫೋನುಗಳು ಹೊರಬಂದವು. ಅಷ್ಟರಲ್ಲಿ ಬೀದಿಯಲ್ಲಿ ಯಾರದೋ ಗಣಪತಿ ತರುವ ಮೆರವಣಿಗೆ, ಕಿಟಕಿ ಗಾಜು ನಡುಗುವಷ್ಟು ಸ್ಪೀಕರ್.

ಸ್ವಲ್ಪ ಹೊತ್ತಿಗೆ ಎಲ್ಲ ಇಳಿಯಿತು. ಚುಕ್ಕೆ ಹೋದವು. ಮೈ ಕಂದು, ಆಮೇಲೆ ಹೆಚ್ಚುಕಡಿಮೆ ಕಪ್ಪು. ಹಿಸ್ ಇಲ್ಲ, ಬಾಯಿ ತೆರೆಯುವುದಿಲ್ಲ. ಸಾಗರದವರ ಹುಡುಗಿಯ ಮೊಣಕೈ ಮೇಲೆ ಅಲುಗದೆ ಕೂತಿತ್ತು. ಕಣ್ಣು ಮುಚ್ಚಿತು. "ನೋಡಿ, ಎಷ್ಟು ಸಾಧು! ಅಭ್ಯಾಸ ಆಗೋಯ್ತು, ನಿದ್ದೆ ಮಾಡ್ತಿದೆ" ಅಂದರು ಯಾರೋ. ಮಟಮಟ ಮಧ್ಯಾಹ್ನ. ಗೋಸುಂಬೆ ಹಗಲು ನಿದ್ದೆ ಮಾಡುವ ಪ್ರಾಣಿಯಲ್ಲ. ಹಗಲಲ್ಲಿ ಕಣ್ಣು ಮುಚ್ಚಿ ಕೂತಿದೆ ಅಂದರೆ ಒಂದೋ ಕಾಯಿಲೆ, ಇಲ್ಲ ತಡೆಯಲಾರದಷ್ಟು ಒತ್ತಡ. ಅದಾಗಿ ಹಲವು ದಿನ ಅದು ಹುಳು ಮುಟ್ಟಲಿಲ್ಲ.

ಸೋತೆ ಅಂತ ಹೇಳುವ ಬಣ್ಣ

ಆ ಕಪ್ಪು ನನ್ನ ತಲೆಯಲ್ಲಿ ಉಳಿದುಕೊಂಡಿತು. ಹಿಸ್ ಅಂದದ್ದು ಎಲ್ಲರಿಗೂ ಅರ್ಥವಾಗಿತ್ತು, ಒಬ್ಬಿಬ್ಬರು ಕೈ ಹಿಂದೆ ತೆಗೆದಿದ್ದರು ಕೂಡ. ಆದರೆ ಕಪ್ಪಾಗಿ ಸುಮ್ಮನಾದಾಗ ಎಲ್ಲರಿಗೂ ಧೈರ್ಯ ಬಂತು. ಅದು ಒಗ್ಗಿಕೊಂಡಿತು ಅಂದುಕೊಂಡರು. ಅದಕ್ಕೆ ಸರಿಯಾಗಿ ವಿರುದ್ಧವಾದದ್ದು ನಡೆದಿತ್ತು.

ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ರಸೆಲ್ ಲೈಗನ್ ಅನ್ನುವವರು ಇದೇ ವೇಲ್ಡ್ ಕ್ಯಾಮಿಲಿಯನ್ ಗಂಡುಗಳನ್ನು ಎದುರುಬದುರು ಬಿಟ್ಟು ನೋಡಿದ್ದರು. 2013ರಲ್ಲಿ ಕೆವಿನ್ ಮ್ಯಾಕ್‌ಗ್ರಾ ಜೊತೆ ಬರೆದದ್ದು ಜಗಳಕ್ಕೆ ನಿಂತಾಗಿನ ಬಣ್ಣದ ಬಗ್ಗೆ. ಪಟ್ಟೆಗಳು ಎಷ್ಟು ಹೊಳೆಯುತ್ತವೆ, ತಲೆಯ ಬಣ್ಣ ಎಷ್ಟು ಬೇಗ ಏಳುತ್ತದೆ ಅನ್ನುವುದನ್ನು ನೋಡಿದರೆ ಯಾರು ಮುಂದೆ ಬರುತ್ತಾರೆ, ಯಾರು ಗೆಲ್ಲುತ್ತಾರೆ ಅಂತ ಅಂದಾಜು ಮಾಡಬಹುದು. ಮರುವರ್ಷ ಬರೆದದ್ದು ಸೋತವರ ಬಗ್ಗೆ. ಸೋಲುವ ಗಂಡು ಮೈ ಕಪ್ಪು ಮಾಡಿಕೊಳ್ಳುತ್ತದೆ. ಅದು ಶರಣಾಗತಿ. ಎದುರಿನವನಿಗೆ 'ಸಾಕು, ನಾನು ಸೋತೆ, ಬಿಡು' ಅಂತ ತಿಳಿಸುವುದು. ತಿಳಿಸಿದರೆ ಎದುರಿನವನ ಆರ್ಭಟ ತಗ್ಗುತ್ತದೆ. ಗೋಸುಂಬೆ ನಿಧಾನದ ಪ್ರಾಣಿ, ಓಡಿ ತಪ್ಪಿಸಿಕೊಳ್ಳುವ ಕಾಲು ಅದಕ್ಕಿಲ್ಲ. ಓಡಲಾರದವನಿಗೆ ಸೋತೆ ಅಂತ ಹೇಳುವ ದಾರಿ ಒಂದು ಬೇಕಲ್ಲ, ಅದು ಈ ಕಪ್ಪು.

ಈಗ ಹಬ್ಬದ ಮನೆಯ ಕೈಗಳನ್ನು ನೆನೆಸಿಕೊಳ್ಳಿ. ಇನ್ನೊಂದು ಗೋಸುಂಬೆಯಾಗಿದ್ದರೆ ಅಲ್ಲಿಗೆ ನಿಲ್ಲಿಸಿರುತ್ತಿತ್ತು. ನಾವು ಅಲ್ಲಿಂದ ಶುರು ಮಾಡಿದೆವು. ಮನುಷ್ಯರ ಕೈ ಮೇಲೆ ಕಪ್ಪಾಗುವುದೂ ಇನ್ನೊಂದು ಗಂಡಿನ ಎದುರು ಕಪ್ಪಾಗುವುದೂ ತೂಕದಲ್ಲಿ ಒಂದೇ ಅಂತ ನಾನು ಹೇಳುತ್ತಿಲ್ಲ. ಆದರೆ ಸಂಕಟದ ಬಣ್ಣವನ್ನು ಸಮಾಧಾನದ ಬಣ್ಣ ಅಂತ ಓದಿದ್ದಂತೂ ನಿಜ. ನಾವು ನಾಯಿ, ಹಸು, ಬೆಕ್ಕು ನೋಡಿ ಪ್ರಾಣಿಗಳನ್ನು ಓದುವುದನ್ನು ಕಲಿತವರು. ಹಸುವಿನ ಗಂಗೆದೊಗಲು ನೇವರಿಸಿದರೆ ಕತ್ತು ಚಾಚುತ್ತದೆ. ನಾಯಿ ಬಾಲ ಅಲ್ಲಾಡಿಸುತ್ತದೆ. ಅವೆಲ್ಲ ತಾಯಿಯ ಮೈಗೆ ಮೈ ತಾಗಿಸಿ ಮಲಗಿ ಬೆಳೆದ ಪ್ರಾಣಿಗಳು. ಗೋಸುಂಬೆಗೆ ತಾಯಿಯ ಸ್ಪರ್ಶವೂ ಗೊತ್ತಿಲ್ಲ. ವೇಲ್ಡ್ ಕ್ಯಾಮಿಲಿಯನ್ ತಾಯಿ ಮಣ್ಣಿನಲ್ಲಿ ಮೊಟ್ಟೆಯಿಟ್ಟು ಮುಚ್ಚಿ ಹೊರಟುಹೋಗುತ್ತದೆ, ತಿಂಗಳುಗಟ್ಟಲೆ ಆದಮೇಲೆ ಒಡೆದು ಬಂದ ಮರಿ ಮೊದಲ ದಿನದಿಂದಲೇ ಒಂಟಿ. ಅದರ ಬದುಕಿನಲ್ಲಿ ಮೈಗೆ ಇನ್ನೊಂದು ಮೈ ತಾಗುವುದು ಜೊತೆಯಾಗುವಾಗ, ಕಚ್ಚಾಡುವಾಗ, ಇಲ್ಲ ಇನ್ನೊಂದು ಪ್ರಾಣಿಯ ಬಾಯಿಗೆ ಬಿದ್ದಾಗ.

ಮೇಲಿನಿಂದ ಬರುವ ಕೈ

ಕೆಲವರು ವಾದ ಮಾಡುತ್ತಾರೆ, ನಮ್ಮ ಗೋಸುಂಬೆ ತಾನಾಗೇ ಕೈ ಮೇಲೆ ಹತ್ತುತ್ತದೆ, ಅದಕ್ಕೆ ನಾವಂದ್ರೆ ಇಷ್ಟ ಅಂತ. ಹತ್ತುತ್ತದೆ, ನಿಜ. ಗೆಳೆಯನದ್ದೂ ಈಗ ಹತ್ತುತ್ತದೆ. ಕೈಯಲ್ಲಿ ಹುಳು ಇದ್ದರೆ ಮುಂದೆ ಬರುವುದನ್ನು ಚೆನ್ನಾಗಿಯೇ ಕಲಿಯುತ್ತದೆ. ಕೆಲವು ಸಲ ಕೈ ಅಲ್ಲಿರುವ ಎಲ್ಲಕ್ಕಿಂತ ಎತ್ತರದ ಕೊಂಬೆಯಾಗಿರುತ್ತದೆ, ಅದಕ್ಕೂ ಹತ್ತುತ್ತದೆ. ಹೆಗಲಿಗೇರಿ, ಅಲ್ಲಿಂದ ತಲೆಗೇರಿ ಕೂತರೆ ಅದು ಪ್ರೀತಿಯಲ್ಲ, ಎತ್ತರದ ಹುಡುಕಾಟ. ನನಗೆ ಇದರಲ್ಲಿ ಬೇಸರವೇನೂ ಇಲ್ಲ. ತಾನಾಗಿ ಬಂದು ತಾನಾಗಿ ಹೋಗುವ ಪ್ರಾಣಿಗೂ, ಕೊಂಬೆಯಿಂದ ಬಿಡಿಸಿ ತಂದ ಪ್ರಾಣಿಗೂ ಬಹಳ ವ್ಯತ್ಯಾಸ ಇದೆ. ಮೊದಲನೆಯದಕ್ಕೆ ಬೇಡ ಅನ್ನುವ ಅವಕಾಶ ಇತ್ತು.

ಎತ್ತರದ ವಿಷಯ ಬಂತಲ್ಲ, ಅದು ದೊಡ್ಡದು. ಕಾಡಿನಲ್ಲಿ ಗೋಸುಂಬೆಗೆ ಸಾವು ಬರುವುದು ಹೆಚ್ಚಾಗಿ ಮೇಲಿನಿಂದ, ಹಕ್ಕಿಯ ರೂಪದಲ್ಲಿ. ಪಂಜರವನ್ನು ಸೊಂಟದ ಎತ್ತರಕ್ಕಿಟ್ಟರೆ ಮನೆಯವರ ಮುಖ, ಕೈ, ನೆರಳು ಎಲ್ಲ ಮೇಲಿನಿಂದಲೇ ಬರುತ್ತವೆ. ದಿನಕ್ಕೆ ಎಷ್ಟು ಸಲ ನಾವು ಆ ಹಾಲಿನಲ್ಲಿ ಓಡಾಡುತ್ತೇವೆ ಅಂತ ಲೆಕ್ಕ ಹಾಕಿದರೆ ಅದರ ದಿನ ಹೇಗಿರುತ್ತದೆ ಅಂತ ಗೊತ್ತಾಗುತ್ತದೆ. ಮೇಲಿನಿಂದ ಇಳಿಯುವ ಕೈ ನಮಗೆ ಮುದ್ದು, ಅದಕ್ಕೆ ಗಿಡುಗ. ಕೆಳಗಿನಿಂದ, ನಿಧಾನವಾಗಿ, ಎದೆಯ ಮುಂದೆ ಬಂದು ನಿಲ್ಲುವ ಕೈ ಬೇರೆ ವಿಷಯ. ಸುಮ್ನೆ ಗಮನಿಸಿ ನೋಡಿ, ನೀವು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆದರೆ ಗೋಸುಂಬೆ ಕೊಂಬೆಯ ಸುತ್ತ ಮೆಲ್ಲಗೆ ತಿರುಗುತ್ತದೆ, ಯಾವಾಗಲೂ ನಿಮ್ಮ ಮತ್ತು ತನ್ನ ನಡುವೆ ಕೊಂಬೆ ಇರುವ ಹಾಗೆ. ಮೈ ಆಚೆ ಬದಿಗೆ, ಒಂದು ಕಣ್ಣು ಮಾತ್ರ ಈಚೆಗೆ. ಇದನ್ನು ನೋಡಿ ಆಟವಾಡ್ತಿದೆ ಅಂದವರನ್ನೂ ಕಂಡಿದ್ದೇನೆ.

ಮುಟ್ಟದೇ ಹೋದರೂ ಒತ್ತಡ ಬರುತ್ತದೆ ಅನ್ನುವುದು ಬಹಳ ಜನಕ್ಕೆ ಹೊಳೆಯುವುದಿಲ್ಲ. ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ತನ್ನದೇ ಬಿಂಬ ಕಾಣುತ್ತದೆ, ಅದಕ್ಕೆ ಅದು ಇನ್ನೊಂದು ಗಂಡು, ಎಷ್ಟು ಬೆದರಿಸಿದರೂ ಹೋಗದ ಗಂಡು. ಎರಡು ಗೋಸುಂಬೆಗಳನ್ನು ಜೊತೆಗಿರಲಿ ಅಂತ ಒಂದೇ ಪಂಜರದಲ್ಲಿ ಇಡುವುದೂ ಇಂಥದ್ದೇ. ಕಚ್ಚಾಡದೇ ಇರಬಹುದು, ಆದರೆ ಒಂದು ದಿನವಿಡೀ ಇನ್ನೊಂದನ್ನು ನೋಡಿಕೊಂಡೇ ಕೂತಿರುತ್ತದೆ, ತಿನ್ನುವುದು ಕಡಿಮೆಯಾಗುತ್ತದೆ. ಶಬ್ದವನ್ನೂ ಮರೆಯಬಾರದು. ಗೋಸುಂಬೆಗೆ ಹೊರಗಿವಿ ಇಲ್ಲ, ಕಿವಿಯ ತೂತೂ ಇಲ್ಲ, ಹಾಗಂತ ಪೂರ್ತಿ ಕಿವುಡಲ್ಲ. ತಗ್ಗಿನ ದನಿಗಳು, ನಡುಕಗಳು ಅದಕ್ಕೆ ಮುಟ್ಟುತ್ತವೆ. ವೇಲ್ಡ್ ಕ್ಯಾಮಿಲಿಯನ್‌ಗಳು ಕೊಂಬೆಯ ಮೂಲಕ ಸಣ್ಣ ಕಂಪನ ಕಳಿಸಿ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ ಅಂತಲೂ ದಾಖಲಾಗಿದೆ. ಕೊಂಬೆಯ ನಡುಕ ಕೇಳುವ ಪ್ರಾಣಿಯ ಪಕ್ಕ ಟಿವಿಯ ಸ್ಪೀಕರ್, ಹೊರಗೆ ಮೆರವಣಿಗೆಯ ಡಿಜೆ. ಹಬ್ಬದ ದಿನ ಅದು ಯಾರ ಕೈಗೂ ಬರದೇ ಇದ್ದಿದ್ದರೂ ಸಾಕಷ್ಟಾಗುತ್ತಿತ್ತು.

ಮಳೆಗಾಲ

ಒಂದು ಸಲ ಹೆದರಿದ್ದಕ್ಕೆ ಗೋಸುಂಬೆ ಸಾಯುವುದಿಲ್ಲ. ಕಾಡಿನಲ್ಲಿ ದಿನಾ ಹೆದರುತ್ತದೆ. ಹೆದರಿದಾಗ ಮೈಯಲ್ಲಿ ಕಾರ್ಟಿಕೋಸ್ಟೀರಾನ್ ಅನ್ನುವ ಹಾರ್ಮೋನ್ ಏರುತ್ತದೆ, ಆ ಹೊತ್ತಿಗೆ ಬೇಕಾದ ಶಕ್ತಿ ಸಿಗುತ್ತದೆ, ಹಕ್ಕಿ ಹೋದ ಮೇಲೆ ಇಳಿಯುತ್ತದೆ. ಪಂಜರದಲ್ಲಿ ಹಕ್ಕಿ ಹೋಗುವುದೇ ಇಲ್ಲ, ಅದೇ ತೊಂದರೆ. ಇಳಿಯದೆ ಉಳಿದರೆ ಹಸಿವು ಕುಗ್ಗುತ್ತದೆ, ರೋಗ ತಡೆಯುವ ಶಕ್ತಿ ಕುಗ್ಗುತ್ತದೆ, ಹೊಟ್ಟೆಯಲ್ಲಿ ಸ್ವಲ್ಪವೇ ಇದ್ದ ಜಂತು ಹೆಚ್ಚುತ್ತದೆ. ಕಾಯಿಲೆಯನ್ನು ಮುಚ್ಚಿಡುವುದರಲ್ಲಿ ಈ ಪ್ರಾಣಿ ಗಟ್ಟಿ, ಕಾಡಿನಲ್ಲಿ ಸೊರಗಿದ್ದು ತೋರಿಸಿಕೊಂಡವನು ಮೊದಲು ಹೋಗುತ್ತಾನೆ. ಹಾಗಾಗಿ "ನಿನ್ನೆ ತನಕ ಚೆನ್ನಾಗಿತ್ತು, ಇದ್ದಕ್ಕಿದ್ದ ಹಾಗೆ ಸತ್ತೋಯ್ತು" ಅನ್ನುವವರ ಮಾತು ನನಗೆ ಪೂರ್ತಿ ನಂಬಿಕೆ ಬರುವುದಿಲ್ಲ. ಅದು ವಾರಗಳಿಂದ ಇಳಿಯುತ್ತಾ ಬಂದಿರುತ್ತದೆ. ಕಣ್ಣು ಒಳಗೆ ಹೋಗಿರುತ್ತದೆ, ಹಿಕ್ಕೆಯ ಜೊತೆ ಬರುವ ಬಿಳಿ ಭಾಗ ಕಿತ್ತಳೆಗೆ ತಿರುಗಿರುತ್ತದೆ. ಎರಡೂ ನೀರು ಸಾಲುತ್ತಿಲ್ಲ ಅನ್ನುವ ಗುರುತು. ಬಟ್ಟಲಿನಲ್ಲಿ ನಿಂತ ನೀರು ಇದಕ್ಕೆ ನೀರು ಅಂತಲೇ ತೋಚುವುದಿಲ್ಲ, ಎಲೆಯಿಂದ ತೊಟ್ಟಿಕ್ಕುವ ಹನಿ ಬೇಕು. ಹೆದರಿದ ಗೋಸುಂಬೆ ಮನುಷ್ಯರು ನೋಡುತ್ತಾ ನಿಂತಿದ್ದರೆ ಆ ಹನಿಯನ್ನೂ ನೆಕ್ಕುವುದಿಲ್ಲ.

ನಮ್ಮ ಮಳೆಗಾಲ ಇದಕ್ಕೆಲ್ಲ ಇನ್ನೊಂದು ಹೊರೆ. ಜೂನ್ ಕೊನೆಯಿಂದ ಸೂರ್ಯ ಕಾಣುವುದೇ ಅಪರೂಪ. ಮೂಳೆಗೆ ಸುಣ್ಣ ಹಿಡಿಯಬೇಕಾದರೆ ಈ ಪ್ರಾಣಿಗೆ ಬಿಸಿಲಿನಲ್ಲಿರುವ ಯುವಿಬಿ ಅನ್ನುವ ಅತಿನೇರಳೆ ಕಿರಣ ಬೇಕು, ಕಿಟಕಿ ಗಾಜಿನ ಮೂಲಕ ಬರುವ ಬಿಸಿಲಿನಲ್ಲಿ ಅದು ಇರುವುದಿಲ್ಲ, ಗಾಜು ತಡೆಯುತ್ತದೆ. ಬಲ್ಬು ಬೇಕು, ಕರೆಂಟು ಬೇಕು. ಕರೆಂಟಿನ ಕತೆ ಮಲೆನಾಡಿನವರಿಗೆ ನಾನು ಹೇಳಬೇಕಾಗಿಲ್ಲ. ಗಾಳಿಯಾಡದ ಪೆಟ್ಟಿಗೆಯಲ್ಲಿ ತೇವ ಕೂತರೆ ಉಸಿರಾಟದ ಸೋಂಕು ಹಿಡಿಯುತ್ತದೆ. ಬಾಯಿ ತೆರೆದು ಮೂತಿ ಮೇಲೆತ್ತಿ ಕೂರುತ್ತದೆ, ಉಸಿರಿನಲ್ಲಿ ಟಕ್ ಟಕ್ ಸದ್ದು. ಸೆಕೆಯಾದಾಗಲೂ ಬಾಯಿ ತೆರೆಯುತ್ತದೆ, ಸಿಟ್ಟು ಬಂದಾಗಲೂ ತೆರೆಯುತ್ತದೆ, ಯಾವುದು ಯಾವುದು ಅಂತ ತಿಳಿಯಲು ದಿನಾ ನೋಡಿ ಅಭ್ಯಾಸ ಇರಬೇಕು. ಬೆಳಿಗ್ಗೆ ಕಪ್ಪಗಿದ್ದರೆ ಚಳಿ ಇರಬಹುದು, ದೀಪದ ಕೆಳಗೆ ಕೂತು ಮೈ ಕಾದ ಮೇಲೂ ಕಪ್ಪಗಿದ್ದರೆ ಬೇರೇನೋ ಆಗಿದೆ. ಹೆಣ್ಣು ಸಾಕಿದವರಿಗೆ ಇನ್ನೊಂದು ಗೊಂದಲ, ಮೊಟ್ಟೆ ತುಂಬಿದಾಗಲೂ ಅದರ ಮೈ ಗಾಢವಾಗಿ ಚುಕ್ಕೆ ಏಳುತ್ತವೆ. ಗಂಡಿನ ಮುಖವೇ ನೋಡದಿದ್ದರೂ ಅದು ಮೊಟ್ಟೆಯಿಡುತ್ತದೆ.

ಈಗ ಗೆಳೆಯನ ಪಂಜರ ಹಾಲಿನಲ್ಲಿಲ್ಲ. ಹಿಂದಿನ ಕೋಣೆಯ ಮೂಲೆಯಲ್ಲಿ, ನಾಲ್ಕೂ ಕಡೆ ಜಾಲರಿ ಇರುವ ಎತ್ತರದ ಪಂಜರ, ಮೇಜಿನ ಮೇಲೆ ಏರಿಸಿಟ್ಟದ್ದು. ಮೇಲಿನ ಕೊಂಬೆ ನನ್ನ ತಲೆಗಿಂತ ಮೇಲಿದೆ. ಒಳಗೆ ದಟ್ಟ ಗಿಡ. ಬಾಗಿಲ ಕಡೆ ಒಂದು ಬದಿಗೆ ಬಟ್ಟೆ ಕಟ್ಟಿದ್ದಾನೆ. ಇದರ ಫಲ ಏನಾಗಿದೆ ಅಂದರೆ ಪ್ರಾಣಿ ಕಾಣುವುದೇ ಇಲ್ಲ. "ಇಷ್ಟು ದುಡ್ಡು ಸುರಿದು ಗಿಡ ಸಾಕಿದಂಗಾಯ್ತಲ್ಲೋ" ಅಂತ ಅವನೇ ಗೊಣಗುತ್ತಾನೆ. ಆದರೆ ಕಾಣುವಾಗ ಹಸಿರಾಗಿ ಕಾಣುತ್ತದೆ. ನಾನು ಕುರ್ಚಿ ಹಾಕಿ ಸ್ವಲ್ಪ ದೂರ ಕೂತು ಮೊಬೈಲ್ ನೋಡುತ್ತಿದ್ದರೆ, ಅದನ್ನು ನೋಡದೇ ಇದ್ದರೆ, ಆಮೇಲೆ ಹೊರಬರುತ್ತದೆ. ಒಂದು ಮಿಡತೆ ಕಂಡಾಗ ಎರಡು ಕಣ್ಣೂ ಒಟ್ಟಿಗೆ ಮುಂದಕ್ಕೆ ತಿರುಗುತ್ತವೆ, ನಾಲಿಗೆ ಮೈಯುದ್ದಕ್ಕಿಂತ ಆಚೆ ಹೋಗಿ ಬರುತ್ತದೆ. ಬಣ್ಣ ಬದಲಾಯಿಸುವುದಕ್ಕಿಂತ ನೂರು ಪಾಲು ಚೆನ್ನಾದ ಆಟ ಇದು. ಯಾರನ್ನೂ ಹೆದರಿಸಬೇಕಾಗಿಲ್ಲ. ಮಿಡತೆಗೆ ಬಿಟ್ಟು.

ಶಿರಾಳಕೊಪ್ಪದ ರಸ್ತೆಯಲ್ಲಿ ಒಬ್ಬರು

ಮುಟ್ಟುವುದರ ಬಗ್ಗೆ ನಾನು ನೋಡಿದ ಒಳ್ಳೆಯ ಪಾಠ ಸಾಕುವವರದ್ದಲ್ಲ. ಶಿಕಾರಿಪುರದಿಂದ ಶಿರಾಳಕೊಪ್ಪಕ್ಕೆ ಹೋಗುವ ದಾರಿ, ಮಳೆ ಮುಗಿಯುತ್ತಾ ಬಂದ ಕಾಲ, ಎರಡೂ ಕಡೆ ಮೆಕ್ಕೆಜೋಳ. ರಸ್ತೆ ನಡುವೆ ಗೋಸುಂಬೆ. ನಮ್ಮ ನಾಡಿನದೇ. ಅದು ನಡೆಯುವುದು ನೋಡಿದ್ದೀರಲ್ಲ, ಒಂದು ಹೆಜ್ಜೆ ಮುಂದಿಟ್ಟು, ಅರ್ಧ ಹಿಂದೆಳೆದು, ಮತ್ತೆ ಮುಂದಿಟ್ಟು, ಗಾಳಿಗೆ ಎಲೆ ಅಲ್ಲಾಡಿದ ಹಾಗೆ. ಮರದ ಮೇಲೆ ಅದು ಬಚಾವಾಗುವ ಉಪಾಯ. ಡಾಂಬರಿನ ಮೇಲೆ ಲಾರಿ ಬರುವಾಗ ಅದೇ ಮುಳುವು. ನಾನು ಬೈಕ್ ನಿಲ್ಲಿಸಿ ಏನು ಮಾಡುವುದು ಅಂತ ನೋಡುತ್ತಿದ್ದೆ, ಇನ್ನೂ ಇಬ್ಬರು ನಿಂತರು, ಒಬ್ಬ ಫೋನ್ ತೆಗೆದ. ಗೋಸುಂಬೆ ನಮ್ಮ ಕಡೆ ತಿರುಗಿ ಬಾಯಿ ತೆರೆಯಿತು.

ಹೊಲದಿಂದ ಹುಲ್ಲಿನ ಹೊರೆ ಹೊತ್ತವರೊಬ್ಬರು ಬಂದರು. ಹೊರೆ ಇಳಿಸಿದರು. ನಮ್ಮನ್ನು ಸ್ವಲ್ಪ ಹಿಂದೆ ಸರಿಯಿರಿ ಅಂದರು. ಬದುವಿನಲ್ಲಿದ್ದ ಲಕ್ಕಿ ಗಿಡದಿಂದ ಮಾರುದ್ದದ ಕೋಲು ಮುರಿದು, ಸೊಪ್ಪು ತುದಿಯಲ್ಲಿ ಬಿಟ್ಟು, ಅದನ್ನು ಗೋಸುಂಬೆಯ ಮುಂದೆ ನೆಲಕ್ಕೆ ತಾಗಿಸಿ ಹಿಡಿದರು. ಹಿಡಿದು ಸುಮ್ಮನೆ ನಿಂತರು, ರಸ್ತೆ ಕಡೆ ನೋಡುತ್ತಾ, ಅದರ ಕಡೆ ನೋಡದೆ. ಅದು ಮುಂದಿನ ಕಾಲು ಎತ್ತಿ ಗಾಳಿಯಲ್ಲಿ ತಡಕಾಡಿ ಕೋಲು ಹಿಡಿಯಿತು. ಆಮೇಲೆ ಇನ್ನೊಂದು ಕಾಲು. ಬಾಲ ಬಂದು ಸುತ್ತಿಕೊಂಡ ಮೇಲೆ ಕೋಲು ಎತ್ತಿದರು, ನೇರ ಆಚೆ ಬದಿಯ ಜಾಲಿ ಮರಕ್ಕೆ ಹೋಗಿ ಕೋಲಿನ ತುದಿ ಕೊಂಬೆಗೆ ತಾಗಿಸಿದರು, ಅದು ದಾಟುವ ತನಕ ಕಾದರು. "ಮೊಟ್ಟೆ ಇಡಕ್ಕೆ ಇಳಿದಿರ್ತತೆ, ಮುಟ್ಟಬಾರ್ದು" ಅಂದರು. ಹೊಟ್ಟೆ ನಿಜಕ್ಕೂ ಉಬ್ಬಿತ್ತು. ನನಗೆ ಅವರ ಉಪಾಯಕ್ಕಿಂತ ಅವರು ಅದನ್ನು ನೋಡದೆ ನಿಂತದ್ದು ಇಷ್ಟವಾಯಿತು. ಎರಡು ಕಣ್ಣು ನೆಟ್ಟು ನೋಡುವುದು ಬೇಟೆಗಾರರ ಕೆಲಸ, ಗೋಸುಂಬೆಯೇ ಮಿಡತೆಯನ್ನು ಹಾಗೆ ನೋಡುತ್ತದೆ.

ಗೆಳೆಯನಿಗೆ ಇದನ್ನು ಹೇಳಿದೆ. ಈಗ ಅವನೂ ಪಂಜರ ತೊಳೆಯುವಾಗ ಹೀಗೇ ಮಾಡುತ್ತಾನೆ. ಒಂದು ಕೋಲು ಮುಂದಿಡುವುದು, ಹತ್ತುವ ತನಕ ಕಾಯುವುದು, ಹತ್ತದಿದ್ದರೆ ಆ ದಿನ ತೊಳೆಯುವುದಿಲ್ಲ. ಡಾಕ್ಟರ ಹತ್ತಿರ ಒಯ್ಯಲೇಬೇಕಾದಾಗ ಹತ್ತದಿದ್ದರೆ ಕೊಂಬೆಯನ್ನೇ ಕತ್ತರಿಸಿ ಕೊಂಬೆ ಸಮೇತ ಪೆಟ್ಟಿಗೆಗೆ. ಎಳೆಯುವುದಂತೂ ಇಲ್ಲವೇ ಇಲ್ಲ, ಎಳೆದರೆ ಉಗುರು, ಕಾಲು ಏನಾದರೂ ಹೋಗಬಹುದು. ಹಲ್ಲಿಯ ಹಾಗೆ ಬಾಲ ಬಿಟ್ಟು ಮತ್ತೆ ಬೆಳೆಸಿಕೊಳ್ಳುವ ಪ್ರಾಣಿಯೂ ಅಲ್ಲ ಇದು, ಹೋದರೆ ಹೋಯಿತು. ಪೆಟ್ಟಿಗೆ ಸಣ್ಣದಿರಲಿ, ಒಳಗೆ ಹಿಡಿಯಲು ಅಡ್ಡ ಕೋಲು ಇರಲಿ, ಗಾಳಿಗೆ ತೂತು ಇರಲಿ, ಮೇಲೆ ಬಟ್ಟೆ ಮುಚ್ಚಿ ಕತ್ತಲೆ ಮಾಡಿ. ಕತ್ತಲಲ್ಲಿ ಅದಕ್ಕೆ ಹೆದರಲು ಏನೂ ಕಾಣುವುದಿಲ್ಲ. ಬಿಸಿಲಲ್ಲಿ ನಿಂತ ಕಾರಿನೊಳಗೆ ಮಾತ್ರ ಒಂದು ನಿಮಿಷವೂ ಬಿಡಬೇಡಿ.

ನಾನೂ ಒಂದು ತರಲಾ ಅಂತ ಕೇಳುವವರಿಗೆ ನಾನು ಬೇಡ ಅನ್ನುತ್ತೇನೆ. ಕೇಳುವವರು ಸಾಮಾನ್ಯವಾಗಿ ಎತ್ತಿ ಆಡಿಸುವ ಪ್ರಾಣಿ ಹುಡುಕುತ್ತಿರುತ್ತಾರೆ, ಇದು ಅದಲ್ಲ. ಹಟ ಹಿಡಿದರೆ ಕಾಗದಪತ್ರದ ಮಾತು ಹೇಳುತ್ತೇನೆ. ವಿದೇಶಿ ಗೋಸುಂಬೆಗಳು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟೀಸ್ ಒಪ್ಪಂದದ ಪಟ್ಟಿಯಲ್ಲಿವೆ, ವನ್ಯಜೀವಿ ಕಾಯ್ದೆಗೆ 2022ರಲ್ಲಿ ಬಂದ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಅಂಥ ಪ್ರಾಣಿ ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಗೆಳೆಯ ಮಾಡಿಸಿದ್ದಾನೆ. ನಮ್ಮ ನಾಡಿನ ಗೋಸುಂಬೆಗೆ ಆ ಪ್ರಶ್ನೆಯೇ ಇಲ್ಲ. ಅದು 1972ರ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ, ಹಿಡಿದು ತಂದು ಸಾಕುವುದು ಅಪರಾಧ. ಶಿಕಾರಿಪುರದ ಕಡೆ ಹುಡುಗರು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿಕೊಂಡು ಶಾಲೆಗೆ ತರುವುದನ್ನು ಕಂಡಿದ್ದೇನೆ. ಬೈದರೆ ಮುಚ್ಚಿಡುತ್ತಾರೆ. ಗೆಳೆಯನ ಗೋಸುಂಬೆ ಮಿಡತೆ ಹಿಡಿಯುವ ವಿಡಿಯೊ ನನ್ನ ಫೋನಿನಲ್ಲಿದೆ, ಮೊದಲು ಅದನ್ನು ತೋರಿಸುತ್ತೇನೆ, ನಿಧಾನ ಮಾಡಿ ಎರಡೆರಡು ಸಲ ನೋಡುತ್ತಾರೆ. ಆಮೇಲೆ ಇದನ್ನು ಯಾವ ಮರದಿಂದ ತಂದಿರಿ ಅಂತ ಕೇಳಿದರೆ ಹೇಳುತ್ತಾರೆ. ಆ ಮರಕ್ಕೇ ಹೋಗಿ ಬಿಡುತ್ತೇವೆ, ಪೆಟ್ಟಿಗೆಯ ಬಾಯಿಗೆ ಒಂದು ಕೋಲು ಆನಿಸಿ.